ಬೋನು ಖಾಲಿ ಎಂದು ಬರೆದ ದಿನ

ಶೇಂಗಾ ಹೊಲಕ್ಕೆ ಮಂಗಗಳು ಬಂದ ದಿನಗಳನ್ನು ಬರೆದಿಡಲು ನಾನು ಬೇರೆಯೇ ಒಂದು ನೋಟ್‌ಬುಕ್ ಮಾಡಿದ್ದೆ. ಯಾದಗಿರಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿ ಮನೆಗೆ ಬಂದು ಕುಳಿತಿದ್ದ ವರ್ಷ ಅದು. ಪ್ರಯೋಗಶಾಲೆಯ ರೆಕಾರ್ಡ್ ಬರೆದು ಬರೆದು ಕೈಗೆ ಒಂದು ಅಭ್ಯಾಸ ಬಿದ್ದಿತ್ತು: ಹಾಳೆಗೆ ಮೊದಲು ಗೆರೆ, ಆಮೇಲೆ ಅಕ್ಷರ. ಎಡಕ್ಕೆ ತಾರೀಖು, ನಂತರ ವಾರ, ಮಂಗಗಳು ಬಂದ ಹೊತ್ತು, ಎಷ್ಟು ಬಂದವು, ಎಷ್ಟು ಸಾಲು ಕಿತ್ತವು. ಫೆಬ್ರುವರಿ ನಾಲ್ಕು, ಮಂಗಳವಾರ: ಬೆಳಿಗ್ಗೆ ಏಳೂವರೆ, ಹದಿನೆಂಟು ಮಂಗ, ಬದುವಿನ ಪಕ್ಕದ ಮೂರು ಸಾಲು. ಹನ್ನೊಂದನೇ ತಾರೀಖು, ಮತ್ತೆ ಮಂಗಳವಾರ: ಇಪ್ಪತ್ತೆರಡು, ಅವುಗಳಲ್ಲಿ ಮರಿ ಹೊತ್ತವು ಐದು, ಎಂಟು ಸಾಲು.

ಮಂಗ ತಿನ್ನುವುದಕ್ಕಿಂತ ಹಾಳು ಮಾಡುವುದು ಹೆಚ್ಚು. ಗಿಡ ಹಿಡಿದು ಎಳೆಯುತ್ತದೆ, ಮಣ್ಣು ಕೊಡವುತ್ತದೆ, ಬಲಿತ ಎರಡು ಕಾಯಿ ತಿಂದು ಗಿಡ ಬಿಸಾಕಿ ಮುಂದಿನದಕ್ಕೆ ಕೈ ಹಾಕುತ್ತದೆ. ಅಪ್ಪ ಪಟಾಕಿ ಹೊಡೆದು ನೋಡಿದರು, ತಗಡು ಬಡಿದು ನೋಡಿದರು. ಸ್ಟೇಷನ್ ರಸ್ತೆಯ ಅಂಗಡಿಯಿಂದ ಬಟ್ಟೆಯ ಹುಲಿಯೊಂದನ್ನು ತಂದು ಹೊಲದ ನಡುವೆ ಗೂಟಕ್ಕೆ ಕಟ್ಟಿದರು. ಎರಡು ದಿನ ಒಂದೂ ಮಂಗ ಇಳಿಯಲಿಲ್ಲ. ಮೂರನೆಯ ದಿನ ದೊಡ್ಡ ಗಂಡೊಂದು ಹುಲಿಯ ತಲೆಯ ಮೇಲೆ ಕುಳಿತು ಶೇಂಗಾ ಬಿಡಿಸುತ್ತಿತ್ತು.

“ಕೂಡಾಕ ಕುರ್ಚಿ ತಂದ ಕೊಟ್ಟಂಗಾತಲ್ರಿ” ಎಂದು ಕಾಕಾ ನಕ್ಕರು.

ಕಾಕಾ ಎಂದರೆ ನಮ್ಮ ಬಂಧುವಲ್ಲ. ನಾನು ಅಂಗನವಾಡಿಗೆ ಹೋಗುತ್ತಿದ್ದಾಗಿನಿಂದ ನಮ್ಮ ಹೊಲದಲ್ಲಿ ದುಡಿಯುತ್ತಿರುವವರು. ಅವರ ಮಗಳು ಮತ್ತು ನಾನು ಏಳನೆಯ ಇಯತ್ತೆಯವರೆಗೆ ಒಂದೇ ಬೆಂಚಿನಲ್ಲಿ ಕುಳಿತವರು. ಆ ವರ್ಷ ಮಾರ್ಚ್ ಹದಿನಾರು, ಭಾನುವಾರ, ಅವಳ ಮದುವೆ ಎಂದು ನಿಶ್ಚಯವಾಗಿತ್ತು. ಗಂಡು ಸುರಪುರದ ಕಡೆಯ ಹಳ್ಳಿಯವನು. ಕರೆಯಬೇಕಾದ ನೆಂಟರ ಊರುಗಳನ್ನು ಕಾಕಾ ಬಾಯಲ್ಲಿ ಹೇಳಿದರು, ನಾನು ಅದೇ ಮಂಗಗಳ ಪುಸ್ತಕದ ಕೊನೆಯ ಪುಟಗಳಲ್ಲಿ ಬರೆದುಕೊಂಡೆ.

ಫೆಬ್ರುವರಿ ಇಪ್ಪತ್ತಮೂರರ ಭಾನುವಾರ ಶೇಂಗಾ ಹಾಕಿದ ಏಳು ಮನೆಯವರು ಹನುಮಪ್ಪನ ಗುಡಿಯ ಕಟ್ಟೆಗೆ ಸೇರಿದರು. ಮಂಗ ಹಿಡಿಯುವವರನ್ನು ಕರೆಸುವ ಮಾತು. ನಮ್ಮಲ್ಲಿ ಮಂಗ ಸತ್ತರೆ, ಕರೆಂಟಿನ ತಂತಿ ಹಿಡಿದೇ ಸಾಯಲಿ, ಲಾರಿಯ ಗಾಲಿಗೆ ಸಿಕ್ಕೇ ಸಾಯಲಿ, ಮನುಷ್ಯರಿಗೆ ಮಾಡಿದಂತೆ ಚಟ್ಟ ಕಟ್ಟಿ, ಭಜನೆ ಮಾಡುತ್ತ ಒಯ್ದು ಗುಡಿಯ ಪಕ್ಕದಲ್ಲಿ ಮಣ್ಣು ಮಾಡುತ್ತಾರೆ. ಹಾಗಾಗಿ ಗುಡಿಯ ಪೂಜಾರಿ ಒಪ್ಪದೆ ಬೋನು ಊರೊಳಗೆ ಬರುವಂತಿರಲಿಲ್ಲ. ಅವರು ಒಂದು ಷರತ್ತಿನ ಮೇಲೆ ಒಪ್ಪಿದರು.

“ಹಿಡದು ಗುಡ್ಡಕ್ಕ ಬಿಡ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಬೋನಿನಾಗ ಒಂದ ಸತ್ರೂ ಅದು ದೇವರ ಜೀವ. ಯಾರ ಗಫಲತ್ತಿನಿಂದ ಸಾಯ್ತದೋ, ಅಂವ ಮಗನಾಗಿ ತಲಿ ಬೋಳಿಸ್ಕೊಂಡು ಮಣ್ಣ ಮಾಡಬೇಕು. ಹನ್ನೊಂದ ದಿನ ಸೂತಕ ಹಿಡೀಬೇಕು. ಯಾರ ಆಗ್ಲಿ.”

ಎಲ್ಲರೂ ತಲೆ ಆಡಿಸಿದರು. ಅಪ್ಪನೂ ಆಡಿಸಿದರು. ಕಾಕಾ ಕಟ್ಟೆಯ ಕೆಳಗೆ ನಿಂತಿದ್ದರು. ಅವರ ಓಣಿಯವರು ಆ ಕಟ್ಟೆ ಹತ್ತುವುದಿಲ್ಲ. ಅವರೂ ತಲೆ ಆಡಿಸಿದರು.

ಮಂಗ ಹಿಡಿಯುವವರು ಶಹಾಪುರದ ಕಡೆಯ ಒಬ್ಬ ಹಿರಿಯ ಮನುಷ್ಯ. ನಾನು ಚಾಚಾ ಎನ್ನುತ್ತಿದ್ದೆ. ಇಪ್ಪತ್ತೇಳರ ಗುರುವಾರ ಟಂಟಂ ಆಟೋದಲ್ಲಿ ಬೋನು ಹೇರಿಕೊಂಡು ಬಂದರು. ಮಂಚದಷ್ಟು ಉದ್ದದ ಕಬ್ಬಿಣದ ಜಾಳಿಗೆಯ ಪೆಟ್ಟಿಗೆ. ಒಳಗಿನ ಕೊಕ್ಕೆಗೆ ಬಾಳೆಹಣ್ಣು ಸಿಕ್ಕಿಸಿದರೆ, ಅದನ್ನು ಎಳೆದ ಕೂಡಲೇ ಬಾಗಿಲು ಮೇಲಿನಿಂದ ಜಾರಿ ಬೀಳುತ್ತದೆ. ಮೊದಲ ಮೂರು ದಿನ ಅವರು ಹೊಲದಲ್ಲೇ ಇದ್ದರು. ಶುಕ್ರವಾರ ನಾಲ್ಕು, ಶನಿವಾರ ಆರು, ಭಾನುವಾರ ಮೂರು. ಒಟ್ಟು ಹದಿಮೂರು. ಎಲ್ಲವನ್ನೂ ಹತ್ತಿಕುಣಿಯ ಆಚೆಯ ಗುಡ್ಡಕ್ಕೆ ಬಿಟ್ಟು ಬಂದರು.

“ಉಳದವು ಶಾಣ್ಯಾ ಆಗ್ಯಾವ. ಒಂದ ವಾರ ಬೋನ ಇಲ್ಲೇ ಇರಲಿ” ಎಂದು ಹೊರಡುವಾಗ ನನ್ನನ್ನು ಕರೆದು ಹೇಳಿದರು. “ನೋಡ ಬೇಟಿ, ಬೋನಿನ ಮ್ಯಾಲ ಹಸಿ ಗೋಣಿಚೀಲ ಇರಬೇಕು. ಒಳಗ ನೀರ ಇರಬೇಕು. ಎರಡ ತಾಸಿಗೊಮ್ಮೆ ಯಾರರ ಹೋಗಿ ನೋಡಬೇಕು. ಬಿದ್ದದ ಅಂದ್ರ ನನಗ ಫೋನ್ ಹಚ್ಚು. ಈ ಬಿಸಲಾಗ ಹಂಗ ಬಿಟ್ರ ಜೀವ ನಿಲ್ಲಂಗಿಲ್ಲ.”

“ಎಲ್ಲಾ ಬರದ ಇಡ್ತೀನ್ರಿ ಚಾಚಾ.”

“ಬರಿಯೂದು ಆಮ್ಯಾಲ. ಮೊದ್ಲ ನೋಡು.”

ಪಕ್ಕದಲ್ಲಿದ್ದವರು ನಕ್ಕರು. ನಾನೂ ನಕ್ಕೆ.

ದಿನಕ್ಕೆ ಐದು ಸಲ ನೋಡುವುದೆಂದು ಗೊತ್ತು ಮಾಡಿದೆವು. ಕಾಕಾ ಬೆಳಿಗ್ಗೆಯೆಲ್ಲ ಕಾಲುವೆ ಕಡೆಯ ಭತ್ತದ ಗದ್ದೆಯಲ್ಲಿರುತ್ತಿದ್ದರು. ಹಾಗಾಗಿ ಎಂಟು, ಹತ್ತು, ಹನ್ನೆರಡು ಗಂಟೆಯವು ನನ್ನವು. ಮಧ್ಯಾಹ್ನ ಅವರು ನಮ್ಮ ಮನೆಗೆ ಬಂದು ಉಂಡು, ಪುಸ್ತಕ ತೆಗೆದುಕೊಂಡು ಶೇಂಗಾ ಹೊಲಕ್ಕೆ ಹೋಗುತ್ತಿದ್ದರು. ಎರಡು, ನಾಲ್ಕು ಗಂಟೆಯವು ಅವರವು. ಅವರಿಗೆ ಬರೆಯಲು ಬಾರದು. ಬೋನು ಖಾಲಿ ಇದ್ದರೆ ಒಂದು ನಿಂತ ಗೆರೆ, ಮಂಗ ಬಿದ್ದಿದ್ದರೆ ಒಂದು ಸೊನ್ನೆ ಎಂದು ನಾನೇ ಕಲಿಸಿದ್ದೆ. ಗಡಿಯಾರವಿಲ್ಲ; ಎರಡು ಗಂಟೆಯ ಶಹಾಪುರದ ಬಸ್ಸು ರಸ್ತೆಯಲ್ಲಿ ಹೋಗುವುದೇ ಅವರಿಗೆ ಗುರುತು.

ಮಾರ್ಚ್ ಮೂರರಿಂದ ಏಳರವರೆಗೆ ಐದು ದಿನ ಒಂದೂ ಬೀಳಲಿಲ್ಲ. ಹದಿನೈದು ಸಲ ನಾನು ಆ ಬಿಸಿಲಿನಲ್ಲಿ ಒಂದೂವರೆ ಕಿಲೋಮೀಟರ್ ನಡೆದು ಹೋಗಿ “ಖಾಲಿ. ನೀರು ಇದೆ” ಎಂದು ಬರೆದು ಬಂದೆ. ಅವರ ಹತ್ತು ಗೆರೆಗಳು ನನ್ನ ಅಕ್ಷರಗಳ ಪಕ್ಕದಲ್ಲಿ ಒಂದರ ಕೆಳಗೊಂದು ನಿಂತಿದ್ದವು.

ಮಾರ್ಚ್ ಎಂಟು ಶನಿವಾರ. ಎಂಟು ಗಂಟೆಗೆ ಹೋದೆ. ಗೋಣಿಚೀಲ ತೋಯಿಸಿ ಹೊದಿಸಿದೆ, ಡಬ್ಬಿಗೆ ನೀರು ತುಂಬಿಸಿದೆ, ಬರೆದೆ. ಮನೆಗೆ ಬಂದು ಶಿಕ್ಷಕರ ಪರೀಕ್ಷೆಯ ಅರ್ಜಿ ತುಂಬಲು ಫೋನ್ ಹಿಡಿದು ಮಾಳಿಗೆ ಹತ್ತಿದೆ. ಫೋಟೋ ದೊಡ್ಡದಾಯಿತು ಎಂದಿತು, ಚಿಕ್ಕದು ಮಾಡಿದರೆ ಸಹಿ ಕಾಣುತ್ತಿಲ್ಲ ಎಂದಿತು. ಒಮ್ಮೆ ಎಲ್ಲ ತುಂಬಿದ ಮೇಲೆ ಪುಟವೇ ಹೋಯಿತು. ಹೊತ್ತು ನೋಡಿದಾಗ ಹತ್ತೂ ನಲವತ್ತು.

ಪುಸ್ತಕದಲ್ಲಿ ಹತ್ತರ ಮನೆ ಬರಿದಾಗಿತ್ತು. ಇವತ್ತು ಯೋಚಿಸಿದರೆ, ಬೋನು ನೋಡದೆ ಇದ್ದದ್ದಕ್ಕಿಂತ ಆ ಬಿಳಿ ಮನೆಯೇ ನನಗೆ ಹೆಚ್ಚು ಚುಚ್ಚಿತು. ಐದು ದಿನದಿಂದ ಒಂದೂ ಸಾಲು ತಪ್ಪಿರಲಿಲ್ಲ. ಮಂಗಗಳಂತೂ ಬರುತ್ತಿಲ್ಲ. “ಖಾಲಿ. ನೀರು ಇದೆ” ಎಂದು ಬರೆದೆ. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಮತ್ತೆ ಫೋನಿನಲ್ಲೇ ಇದ್ದೆ. ಹನ್ನೆರಡರ ಮನೆಯನ್ನೂ ತುಂಬಿಸಿದೆ. ನೀರು ಇದೆ ಎಂಬುದನ್ನೂ ಬಿಡಲಿಲ್ಲ. ಕಾಕಾ ಉಂಡು ಎದ್ದಾಗ ಪುಸ್ತಕವನ್ನು ಅವರ ಕೈಗೆ ಕೊಟ್ಟೆ.

ಎರಡು ಗಂಟೆಗೆ ಸ್ವಲ್ಪ ಮೇಲೆ ಅವರು ವಾಪಸು ಬಂದರು. ಪುಸ್ತಕವನ್ನು ಎದೆಗೆ ಒತ್ತಿ ಹಿಡಿದಿದ್ದರು.

“ಯವ್ವಾ, ದುಂಡಗ ಹಾಕೀನಿ” ಎಂದರು.

“ಬಿತ್ತೇನು? ಚಾಚಾಗ ಫೋನ್ ಹಚ್ತೀನಿ ತಡಿ.”

“ಹಚ್ಚು. ಆದ್ರ ಜೀವ ಇಲ್ಲ.”

ಅಪ್ಪನೂ ನಾನೂ ಓಡಿದೆವು. ಗಾಳಿಗೆ ಗೋಣಿಚೀಲ ಜಾರಿ ಬೇಲಿಗೆ ಸಿಕ್ಕಿತ್ತು. ನೀರಿನ ಡಬ್ಬಿ ಮಗುಚಿ ಒಣಗಿತ್ತು. ಒಂದು ಹೆಣ್ಣು ಮಂಗ ಎಡಮಗ್ಗುಲಾಗಿ ಬಿದ್ದಿತ್ತು, ಬೆರಳುಗಳು ಜಾಳಿಗೆಯ ಹೊರಗಿದ್ದವು. ಕೈಕಾಲು ಪೂರ್ತಿ ಸೆಟೆದಿದ್ದವು. ಸತ್ತ ಪ್ರಾಣಿಗಳನ್ನು ಮೇಜಿನ ಮೇಲೆ ನೋಡಿದವಳು ನಾನು. ಇದು ಹನ್ನೆರಡರ ಮೇಲೆ ಬಿದ್ದದ್ದಲ್ಲ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು.

ಶನಿವಾರ ಗುಡಿಯಲ್ಲಿ ಜನ ಇದ್ದೇ ಇರುತ್ತಾರೆ. ಮೂರು ಗಂಟೆಯೊಳಗೆ ಅರ್ಧ ಊರು ಹೊಲದ ಬದುವಿನ ಮೇಲೆ ನಿಂತಿತ್ತು. ಪೂಜಾರಿ ಬಂದು ಮಂಗಕ್ಕೆ ಕೈಮುಗಿದು, ನನ್ನ ಕಡೆ ತಿರುಗಿ “ಪುಸ್ತಕ ತಾ” ಎಂದರು. ಗಟ್ಟಿಯಾಗಿ ಓದಿದರು.

“ಎಂಟ ಗಂಟೆ, ಖಾಲಿ, ನೀರು ಇದೆ. ಹತ್ತ ಗಂಟೆ, ಖಾಲಿ, ನೀರು ಇದೆ. ಹನ್ನೆರಡು, ಖಾಲಿ, ನೀರು ಇದೆ. ಮುಂದ ಒಂದ ಸೊನ್ನಿ. ಇದ ಯಾರ ಹಾಕಿದ್ದು?”

“ನಾನ್ರಿ” ಎಂದರು ಕಾಕಾ.

“ಯಾವಾಗ ಹೋಗಿದ್ದಿ?”

“ಎರಡಕ್ಕ್ರಿ. ಬಸ್ಸಿನ್ನಾ ಹೋಗಿದ್ದಿಲ್ಲ.”

“ಬಸ್ ಹೋಗಿದ್ದಿಲ್ಲಂತ!” ಹಿಂದಿನಿಂದ ಒಬ್ಬ ಕೂಗಿದ. “ನಾಲ್ಕರ ಬಸ್ಸಿರಬೇಕು ನೋಡು. ಗಿಡದ ನೆರಳಿಗಿ ಮಕ್ಕೊಂಡು ಎದ್ದು ಬಂದಾನ.”

“ಮೂರ ಆಗಿಲ್ಲ ಈಗ, ನಾಲ್ಕರ ಬಸ್ ಎಲ್ಲಿಂದ ಬರ್ತದೋ?” ಎಂದು ಇನ್ನೊಬ್ಬ ನಕ್ಕ.

ಪೂಜಾರಿ ನಗಲಿಲ್ಲ. “ಹನ್ನೆರಡಕ್ಕ ಹುಡುಗಿ ನೋಡ್ಯಾಳ, ಖಾಲಿ ಇತ್ತು, ನೀರ ಇತ್ತು. ಇದ ನಿನ್ನ ಪಾಳೇದಾಗ ಬಿದ್ದು ನಿನ್ನ ಪಾಳೇದಾಗ ಸತ್ತದ. ಉಂಡ ಕೂಡಲೇ ಹೋಗಿದ್ರ ಉಳೀತಿತ್ತು. ಹೌದಿಲ್ಲೋ?”

ಕಾಕಾ ನನ್ನನ್ನು ನೋಡಲಿಲ್ಲ. ಪುಸ್ತಕವನ್ನು ನೋಡಿದರು. ಅಷ್ಟು ಹೊತ್ತು ನೋಡಿದ ಮೇಲೆ ಹೇಳಿದ ಮಾತು ನನ್ನ ಕಿವಿಯಿಂದ ಹೋಗಿಲ್ಲ.

“ಪುಸ್ತಕದಾಗ ಹಂಗ ಬರದದ ಅಂದ್ರ, ಹಂಗ ಇರಬೇಕ್ರಿ. ನಾನ ಹೊತ್ತ ಮರತಿರಬೇಕು.”

ನನ್ನ ಬಾಯಿ ತೆರೆಯಿತು. ಏನೂ ಹೊರಗೆ ಬರಲಿಲ್ಲ. ನಾಳೆ ಬೆಳಿಗ್ಗೆ ಮಣ್ಣು, ತಲೆ ಬೋಳಿಸುವುದು ಇವನದು ಎಂದು ಪೂಜಾರಿ ಹೇಳಿ ಮುಗಿಸಿದರು. ಅಷ್ಟರಲ್ಲಿ ನಾನು ಬೆರಳು ಮಡಚುತ್ತಿದ್ದೆ. ಶನಿವಾರದಿಂದ ಹನ್ನೊಂದು ದಿನವೆಂದರೆ ಹದಿನೆಂಟು, ಮಂಗಳವಾರ. ಮದುವೆ ಹದಿನಾರು. ಒಂಬತ್ತನೆಯ ದಿನ, ಸೂತಕದ ಒಳಗೆ. ಕಾಕಾನೂ ಅದೇ ಲೆಕ್ಕ ಹಾಕುತ್ತಿದ್ದರೇನೋ, ಅವರ ತುಟಿ ಅಲ್ಲಾಡುತ್ತಿತ್ತು.

ಐದು ಗಂಟೆಗೆ ಚಾಚಾ ಬಂದರು. ಮಂಗದ ಕೈ ಮುಟ್ಟಿ, ಬಾಯಿ ತೆರೆದು ನೋಡಿದರು. “ಇದ ಮುಂಜಾನಿ ಬಿದ್ದಿದ್ದದ” ಎಂದರು.

“ನೀ ಇಲ್ಲಿದ್ದೇನು? ಪುಸ್ತಕ ಸುಳ್ಳ ಹೇಳ್ತದೇನು?” ಎಂದು ಯಾರೋ ಅವರ ಬಾಯಿ ಮುಚ್ಚಿಸಿದರು. ಚಾಚಾ ನನ್ನ ಮುಖ ನೋಡಿದರು. ಬೋನು ಹೇರಿಕೊಂಡು ಹೊರಟುಹೋದರು.

ಆ ಸಂಜೆ ಅಪ್ಪ ಎಮ್ಮೆ ಹಿಂಡುತ್ತಿದ್ದಾಗ ಹೋಗಿ ನಿಂತೆ.

“ಅಪ್ಪಾ, ಹತ್ತರದು ನಾ ನೋಡಿಲ್ಲ.”

ಹಾಲಿನ ಸದ್ದು ನಿಲ್ಲಲಿಲ್ಲ. “ಹನ್ನೆರಡರದು?”

“ಅದನ್ನೂ ನೋಡಿಲ್ಲ. ಮಾಳಿಗಿ ಮ್ಯಾಲ ಕೂತು ಬರದೀನಿ.”

ಕೆಚ್ಚಲು ಬರಿದಾಗುವವರೆಗೆ ಅಪ್ಪ ಹಿಂಡಿದರು. ಎದ್ದು ನಿಂತಾಗ, “ಯಾರಿಗರ ಹೇಳಿಯೇನು?” ಎಂದರು.

“ಇಲ್ಲ.”

“ನಾಳಿ ಮುಂಜಾನಿ ನಾ ಮಾತಾಡ್ತೀನಿ. ನೀ ಸುಮ್ನಿರು.”

ಆ ಮಾತಿನಿಂದ ನನಗೆ ಎಷ್ಟು ಹಗುರವಾಯಿತೆಂದರೆ, ಕಾಕಾನ ಮನೆಗೆ ಅಂದೇ ಹೋಗಿ ಹೇಳಬೇಕು ಎಂಬುದು ನನಗೆ ಹೊಳೆಯಲೇ ಇಲ್ಲ.

ಭಾನುವಾರ ಬೆಳಿಗ್ಗೆ ಗುಡಿಯ ಮುಂದೆ ಚಟ್ಟ ಸಿದ್ಧವಾಗಿತ್ತು. ಮಂಗಕ್ಕೆ ಹಳದಿ ಬಟ್ಟೆ ಹೊದಿಸಿ, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿದ್ದರು. ಭಜನೆಯವರು ತಾಳ ಬಾರಿಸುತ್ತ ನಿಂತಿದ್ದರು. ಬೇರೆ ದಿನ ಕೆಳಗೆ ನಿಲ್ಲುವ ಕಾಕಾನನ್ನು ಅಂದು ಕಟ್ಟೆಯ ಮೇಲೆಯೇ ಕೂರಿಸಿದ್ದರು. ಮಗನ ಜಾಗ ಅಲ್ಲಿ ತಾನೆ. ಕ್ಷೌರ ಮಾಡುವ ಹಡಪದ ಅಜ್ಜ ಚೊಂಬಿನ ನೀರು ಅವರ ತಲೆಗೆ ಹಾಕಿ ತಿಕ್ಕತೊಡಗಿದ.

ಅಪ್ಪ ಗಂಡಸರ ಸಾಲಿನಲ್ಲಿ ಕೈಕಟ್ಟಿ ನಿಂತಿದ್ದರು. ನಾನು ಅವರನ್ನೇ ನೋಡುತ್ತಿದ್ದೆ. ಈಗ ಹೇಳುತ್ತಾರೆ ಎಂದುಕೊಂಡೆ. ಅಜ್ಜ ಕತ್ತಿ ಮಸೆದ. ಈಗ ಹೇಳುತ್ತಾರೆ. ಅಪ್ಪ ನೆಲ ನೋಡುತ್ತಿದ್ದರು. ಕತ್ತಿ ಹಣೆಯಿಂದ ನೆತ್ತಿಯವರೆಗೆ ಒಮ್ಮೆ ಬಂತು, ಇನ್ನೊಮ್ಮೆ ಬಂತು. ಬಿಳಿ ಬೆರೆತ ಕೂದಲು ಕಾಕಾನ ತೊಡೆಯ ಮೇಲೆ ಬಿತ್ತು.

“ನಿಲ್ಲಸ್ರಿ” ಎಂದೆ. ಮೊದಲ ಸಲ ಯಾರಿಗೂ ಕೇಳಲಿಲ್ಲ. ಎರಡನೆಯ ಸಲ ಕೂಗಿದೆ. ತಾಳ ನಿಂತವು. “ಹತ್ತಕ್ಕೂ ಹನ್ನೆರಡಕ್ಕೂ ನಾ ಹೊಲಕ್ಕ ಹೋಗಿಲ್ಲ. ಪುಸ್ತಕದಾಗ ಸುಳ್ಳ ಬರದೀನಿ. ಅದು ನನ್ನ ಪಾಳೇದಾಗ ಸತ್ತದ. ಕಾಕಾಂದೇನೂ ಇಲ್ಲ.”

ಎಲ್ಲರೂ ಒಮ್ಮೆಗೇ ಮಾತಾಡಿದರು. ಹೆಣ್ಣುಮಗಳ ತಲೆ ಬೋಳಿಸಲು ಬರುವುದಿಲ್ಲ ಎಂದು ಒಬ್ಬರು. ಹಾಗಾದರೆ ಅಪ್ಪನದು ಬೋಳಿಸಬೇಕು ಎಂದು ಇನ್ನೊಬ್ಬರು. ಅಷ್ಟರಲ್ಲಿ ಅಪ್ಪ ತಲೆಯ ಟೋಪಿ ತೆಗೆದು, ಯಾರ ಕಡೆಗೂ ನೋಡದೆ, ಕಾಕಾನ ಪಕ್ಕದಲ್ಲಿ ಹೋಗಿ ಕುಳಿತರು.

“ಒಂದ ಮಂಗ್ಯಾಗ ಎಷ್ಟ ಮಂದಿ ಗಂಡಮಕ್ಕಳಪಾ!” ಎಂದು ಯಾರೋ ಅಂದರು. ಕೆಲವರು ನಕ್ಕರು.

ಹಡಪದ ಅಜ್ಜ ಕತ್ತಿ ಎತ್ತಿ ಹಿಡಿದುಕೊಂಡೇ ಪೂಜಾರಿಯನ್ನು ಕೇಳಿದ: “ಇವಂದು ಅರ್ಧಾ ಆಗ್ಯದ. ಏನ ಮಾಡ್ಲಿ?”

ಪೂಜಾರಿ ಬಹಳ ಹೊತ್ತು ಗಡ್ಡ ಕೆರೆದರು. “ನೀರ ಹಾಕಿ, ಕತ್ತಿ ಹಚ್ಚಿ, ಮಗಾ ಅಂತ ಕೂಡ್ಸೀವಿ. ಇನ್ನ ತಿರಗಿ ತಗೊಳ್ಳಾಕ ಬರೂದಿಲ್ಲ. ಪೂರಾ ಮಾಡು. ಇಬ್ಬರೂ ಸೂತಕ ಹಿಡೀಲಿ.”

“ಮದುವಿ ಅದರಿ ಹದಿನಾರಕ್ಕ” ಎಂದರು ಕಾಕಾ. ಅಂದಿನ ಬೆಳಗಿನಲ್ಲಿ ಅವರು ಆಡಿದ ಮಾತು ಅದೊಂದೇ.

“ಅರ್ಧಾ ತಲಿ ಇಟಗೊಂಡು ಬೀಗರ ಮುಂದ ನಿಲ್ತೀಯೇನು?” ಎಂದರು ಪೂಜಾರಿ. ಆ ದನಿ ಕೆಟ್ಟದಾಗಿರಲಿಲ್ಲ. ಅದಕ್ಕೇ ಯಾರಿಗೂ ಎದುರು ಹೇಳಲಾಗಲಿಲ್ಲ.

ಅಂದು ಅಪ್ಪ ಮನೆಯಲ್ಲಿ ನನ್ನೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ ನಾನೇ ಕೇಳಿದೆ: “ಯಾಕ ಹೇಳಲಿಲ್ಲಪ್ಪಾ?” ಅಪ್ಪ ಬೋಳು ತಲೆಯನ್ನು ಸವರಿಕೊಂಡರು. “ಹೇಳಬೇಕಂತ್ಲೇ ಹೋಗಿದ್ದೆ. ಮಂದಿ ನೋಡಿ ಬಾಯಿ ಏಳಲಿಲ್ಲ” ಎಂದರು. ಅದು ಸುಳ್ಳಲ್ಲ ಎಂದು ನನಗೆ ಗೊತ್ತು. ಹೊಲದ ಬದುವಿನ ಮೇಲೆ ನನಗೂ ಹಾಗೇ ಆಗಿತ್ತು.

ಗಂಡಿನ ಕಡೆಯವರು ಹತ್ತರ ಸೋಮವಾರ ಬಂದು, ಕಾಕಾನ ತಲೆ ನೋಡಿ, ನೀರು ಸಹ ಕುಡಿಯದೆ ಎದ್ದರು. ಮದುವೆಯ ಮುಂದೆ ಹೀಗಾದದ್ದು ಸರಿ ಕಾಣುವುದಿಲ್ಲ, ಮುಂದೆ ನೋಡೋಣ ಎಂದು ಹೇಳಿ ಹೋದರು. ಹದಿನಾರು ಬಂತು, ಹೋಯಿತು. ಆ ದಿನದ ಪುಟದಲ್ಲಿ ನಾನು ತಾರೀಖು ಮಾತ್ರ ಬರೆದೆ.

ಇಪ್ಪತ್ತನಾಲ್ಕಕ್ಕೆ ನಮ್ಮ ಹೊಲದಲ್ಲಿ ಶೇಂಗಾ ಕೀಳಲು ಶುರುವಾಯಿತು. ಆಳುಗಳ ಜೊತೆ ಕಾಕಾನ ಮಗಳೂ ಬಂದಿದ್ದಳು. ಬೇಕೆಂದೇ ನನ್ನ ಪಕ್ಕದ ಸಾಲು ಹಿಡಿದಳು. ಅರ್ಧ ಹೊಲ ಕಳೆಯುವವರೆಗೆ ಗಿಡ ಕಿತ್ತು ಕೊಡವುವ ಸದ್ದು ಬಿಟ್ಟು ಏನೂ ಇಲ್ಲ.

“ನಿನಗ ಶನಿವಾರ ಸಂಜೀಕೇ ಗೊತ್ತಿತ್ತಲ್ಲ?” ಎಂದಳು.

“ಗೊತ್ತಿತ್ತು.”

“ನಮ್ಮನಿ ಎಲ್ಲಿ ಅದ ಅನ್ನೂದೂ ಗೊತ್ತಿತ್ತಲ್ಲ?”

ನಾನು ಮುಂದಿನ ಗಿಡಕ್ಕೆ ಕೈ ಹಾಕಿದೆ.

“ಊರ ಮುಂದ ನಿಂತು ಖರೇ ಹೇಳಿದ್ಯಂತ ಮಂದಿ ಎಲ್ಲಾ ನಿನ್ನ ಹೊಗಳಾಕತ್ತಾರ. ನಮ್ಮಪ್ಪ ಸೈತ ಹೊಗಳ್ತಾನ. ನಾ ಹೊಗಳಂಗಿಲ್ಲ ಬೇ. ಎರಡ ಸಲ ಕತ್ತಿ ಬರೂತನಕ ಯಾರ ದಾರಿ ಕಾಯಾಕತ್ತಿದ್ದಿ ನೀ?”

“ನಮ್ಮಪ್ಪಂದು.”

ಅವಳು ಕೈಯಲ್ಲಿದ್ದ ಗಿಡವನ್ನು ರಾಶಿಗೆ ಎಸೆದಳು. “ಹಂಗಾರ ಒಂದ ಕೆಲಸ ಮಾಡು. ನಮ್ಮಪ್ಪನ ಸಂಗಾಟ ಅವರೂರಿಗಿ ಹೋಗು. ನಾ ಹೋಗಾಕ ಬರೂದಿಲ್ಲ. ಅಂವ ಒಬ್ಬನ ಹೋದ್ರ ಅಲ್ಲೂ ತಪ್ಪ ನಂದೇ ಅಂತಾನ.”

ಇಪ್ಪತ್ತೇಳರ ಗುರುವಾರ ಬೆಳಗಿನ ಬಸ್ಸಿಗೆ ಕಾಕಾ ಮತ್ತು ನಾನು ಹೊರಟೆವು. ಶಹಾಪುರದಲ್ಲಿ ಬಸ್ಸು ಬದಲಿಸಿದೆವು, ಸುರಪುರದಲ್ಲಿ ಇಳಿದು ಟಂಟಂ ಹಿಡಿದೆವು. ಕಾಕಾ ತಲೆಗೆ ಬಿಗಿಯಾಗಿ ವಸ್ತ್ರ ಸುತ್ತಿದ್ದರು. ಗಂಡಿನ ಮನೆಯ ಪಡಸಾಲೆಯಲ್ಲಿ ಕೂತ ಮೇಲೂ ಅದನ್ನು ಬಿಚ್ಚಲಿಲ್ಲ. ಗಂಡಿನ ತಾಯಿ ಎದುರು ಕುಳಿತರು. ನಾನು ಮೊದಲಿನಿಂದ ಹೇಳಿದೆ: ಬೋನು, ಪಾಳಿ, ಮಾಳಿಗೆ, ಫೋನು, ಎಲ್ಲವನ್ನೂ.

“ನಂದೂ ತಪ್ಪ ಅದರಿ” ಎಂದು ಕಾಕಾ ನಡುವೆ ಬಾಯಿ ಹಾಕಿದರು. “ಗದ್ದಿಗಿ ಹೋಗೂ ಮುಂದ ಒಮ್ಮೆ ಆ ಕಡಿ ಹಾಯ್ದು ಹೋಗಬಹುದಿತ್ತು.”

“ಇಲ್ರಿ. ಅವರ ದಾರಿ ಅದಲ್ಲ, ಅವರ ಪಾಳಿನೂ ಅದಲ್ಲ” ಎಂದೆ.

ಗಂಡಿನ ತಾಯಿ ನನ್ನನ್ನು, ಕಾಕಾನ ತಲೆಯ ವಸ್ತ್ರವನ್ನು, ಮತ್ತೆ ನನ್ನನ್ನು ನೋಡಿದರು. ಈ ಸಲ ಚಹಾ ಕೊಟ್ಟರು. “ಕೇಳಿದ್ವಿ ತಂಗಿ. ಮನ್ಯಾಗ ಮಾತಾಡಿ ನೋಡೂಣು” ಎಂದರು.

ಊರು ಮುಟ್ಟುವಾಗ ಹೊತ್ತು ಇಳಿದಿತ್ತು. ಕಾಕಾನ ಮಗಳು ಅವರ ಓಣಿಯ ಬಾಯಲ್ಲಿ ಕೊಡ ಹಿಡಿದು ನಿಂತಿದ್ದಳು. ತನ್ನ ಅಪ್ಪನನ್ನು ಮಾತಾಡಿಸಲಿಲ್ಲ, ನನ್ನನ್ನು ಕೇಳಿದಳು.

“ಏನಂದ್ರು?”

“ನೋಡೂಣು ಅಂದ್ರು.”

“ಹತ್ತರದೂ ಹನ್ನೆರಡರದೂ ಹೇಳಿಯೇನು?”

“ಎರಡೂ ಹೇಳೀನಿ.”

ಅವಳು ಕೊಡವನ್ನು ಸೊಂಟಕ್ಕೆ ಏರಿಸಿದಳು.

“ಹಂಗಾರ ಯುಗಾದಿ ಆದ ಮ್ಯಾಲ ಮತ್ತೊಮ್ಮೆ ಹೋಗು” ಎಂದು ಹೇಳಿ ನಲ್ಲಿಯ ಕಡೆ ನಡೆದಳು.